ಮೇಲಿನ ಮನೆಯ ಅಕ್ಕನ ಇಂಗ್ಲಿಷ್

ಗಡಹಿಂಗ್ಲಜದ ಪೇಟೆಯಲ್ಲಿ ಮೊನ್ನೆ ದಿಂಬಿನ ಚೀಲಕ್ಕೆಂದು ಕೋರಾ ಬಟ್ಟೆ ಬಿಚ್ಚಿಸಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಇಚಲಕರಂಜಿಯ ಮೇಲಿನ ಮನೆಯ ಅಕ್ಕ ನೆನಪಾದಳು. ಅವಳ ಸೀರೆಗೂ ಕೈಗೂ ಯಾವಾಗಲೂ ಇದೇ ವಾಸನೆ...

ಆಗ ನಾನು ಅಲ್ಲಿನ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಕೆಳಗಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಅಕ್ಕನಿಗೆ ಮಗ್ಗದ ಕಾರ್ಖಾನೆಯಲ್ಲಿ ನೇಯ್ದ ಬಟ್ಟೆಯ ತಪ್ಪು ಹುಡುಕುವ ಕೆಲಸ. ನಲವತ್ತು ದಾಟಿತ್ತು. ಹತ್ತನೇ ಪಾಸಾದರೆ ಅಂಗನವಾಡಿ ಕೆಲಸಕ್ಕೆ ಅರ್ಜಿ ಹಾಕಬಹುದೆಂದು ಹೊರಗಿನಿಂದ ಪರೀಕ್ಷೆ ಕಟ್ಟಿದ್ದಳು. ಇಂಗ್ಲಿಷ್ ಒಂದೇ ಹೆದರಿಸುತ್ತಿತ್ತು. ಸಂಜೆ ಹೊತ್ತು ನನ್ನ ಕೋಣೆಗೆ ಬರತೊಡಗಿದಳು.

ಶಬ್ದದ ಕೊನೆಗೆ ಪ್ರತ್ಯಯ ಹಚ್ಚಿ ಹೊಸ ಶಬ್ದ ಮಾಡುವ ಪಾಠ ಅವಳಿಗೆ ಬಹಳ ಹಿಡಿಸಿತು. ಕೇರ್‌ಗೆ ಫುಲ್ ಹಚ್ಚಿದರೆ ಕೇರ್‌ಫುಲ್, ಲೆಸ್ ಹಚ್ಚಿದರೆ ಕೇರ್‌ಲೆಸ್.

"ಫುಲ್ ಅಂದ್ರ ತುಂಬೇತಿ, ಲೆಸ್ ಅಂದ್ರ ಇಲ್ಲ. ಹೌದಲ್ರಿ ಟೀಚರ್?" ಎಂದು ನಕ್ಕಳು.

ಮರುದಿನ ತಾನೇ ವಹಿಯಲ್ಲಿ ಒಂದು ಪುಟ ಶಬ್ದ ಮಾಡಿ ತಂದಳು. ಹೋಪ್‌ಲೆಸ್, ಹೋಮ್‌ಲೆಸ್... ಕೊನೆಯದು ಹಸ್ಬಂಡ್‌ಲೆಸ್.

"ಹಿಂಗ ಯಾರೂ ಅನ್ನೂದಿಲ್ಲ ಅಕ್ಕಾ," ಎಂದು ಕೆಂಪು ಗೆರೆ ಎಳೆದು ಪಕ್ಕದಲ್ಲಿ 'ವಿಡೋ' ಎಂದು ಬರೆದೆ. ಅವಳ ಹಣೆಯ ಕುಂಕುಮ ದಿನಾ ನೋಡುತ್ತಿದ್ದೆ. ಆದರೂ ಬರೆದೆ.

ಅಕ್ಕ ವಹಿಯನ್ನು ತನ್ನತ್ತ ಎಳೆದುಕೊಂಡಳು. "ಅಂವ ಸತ್ತಿಲ್ರಿ. ಸೊಲ್ಲಾಪುರಕ್ಕ ಹೋಗಿ ಬರ್ತೇನಿ ಅಂದಾಂವ ಹನ್ನೆರಡು ವರ್ಷ ಆತು, ಬಂದಿಲ್ಲ. ನಾ ವಿಧವಾ ಹೆಂಗಾಗ್ತೇನಿ?"

ಅವಳೇ ಪುಟ ತಿರುವಿ, "ಮುಂದಿಂದು ಹೇಳ್ರಿ," ಎಂದಳು.

ಪರೀಕ್ಷೆಗೆ ಮೊದಲೇ ನನಗೆ ಗಡಹಿಂಗ್ಲಜಕ್ಕೆ ವರ್ಗವಾಯಿತು. ಫಲಿತಾಂಶದ ದಿನ ಅವಳ ಫೋನ್ ಬಂತು.

"ಟೀಚರ್, ಪಾಸಾದ್ನಿರಿ! ಇಂಗ್ಲಿಷಿನ್ಯಾಗೂ!" ಆಮೇಲೆ ದನಿ ಇಳಿಯಿತು. "ಯಾರಿಗಿ ಹೇಳ್ಲಿ ಅಂತ ಭಾಳ ಹೊತ್ತು ಕುಂತಿದ್ನಿ..."

ನಾನು ಶಾಲೆಯ ಗದ್ದಲದಲ್ಲಿದ್ದೆ. "ರವಿವಾರ ಬರ್ತೇನಿ ಅಕ್ಕಾ, ಪೇಢೆ ತಿನ್ನೂಣು," ಎಂದು ಫೋನಿಟ್ಟೆ. ಆ ರವಿವಾರ ಹೋಗಲಿಲ್ಲ. ಮುಂದಿನದೂ ಏನೋ ಕೆಲಸ ಬಂತು...

ದೀಪಾವಳಿ ರಜೆಯಲ್ಲಿ ಹೋದಾಗ ಮೇಲಿನ ಮನೆಯಲ್ಲಿ ಬೇರೆಯವರಿದ್ದರು. ಮನೆಯ ಮಾಲಕಿ ಹೇಳಿದಳು: "ಕಾರ್ಖಾನಿ ಬಂದ್ ಆತು, ಊರ ಬಿಟ್ಟು ಹೋದ್ಲರಿ. ಎಲ್ಲಿಗಿ ಅಂತ ಹೇಳ್ಲಿಲ್ಲ. ನೀವು ಬರ್ತೀರಿ ಅಂತ ಆ ರವಿವಾರ ಪೇಢೆ ತಂದಿಟ್ಟು, ಸಂಜೀತನಾ ಬಾಗಲ್ದಾಗ ಕುಂತಿದ್ಲು."

ನಿನ್ನೆ ನನಗೆ ಮುಖ್ಯಾಧ್ಯಾಪಕಿಯಾಗಿ ಬಡ್ತಿಯ ಪತ್ರ ಬಂತು. ಮನೆಗೆ ಬಂದು ಫೋನ್ ಹಿಡಿದು ಕುಳಿತೆ. ಹೇಳಬೇಕೆನ್ನಿಸುವ ಹೆಸರು ಹುಡುಕುತ್ತ ಬೆರಳು ಕೆಳಗಿಳಿಯುತ್ತ ಹೋಗಿ ಅಕ್ಕನ ನಂಬರಿಗೆ ನಿಂತಿತು. ಫೋನ್ ಹಚ್ಚಿದೆ. ಈ ನಂಬರ್ ಈಗ ಇಲ್ಲವೆಂದು ಹೆಣ್ಣುದನಿಯೊಂದು ಮರಾಠಿಯಲ್ಲಿ ಹೇಳಿತು. ಅದು ಮತ್ತೆ ಹೇಳಿ ಮುಗಿಸುವವರೆಗೂ ಫೋನನ್ನು ಕಿವಿಯಿಂದ ತೆಗೆಯಲಿಲ್ಲ.