ಅತ್ತೆಗೆ ಒಪ್ಪಿದ ಬೆಳಕು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಕರೆಂಟು ಸರ್ಕಾರದ ಉಚಿತ ಮಿತಿಯನ್ನು ದಾಟಿದಾಗ, ಇನ್ನು ಒಂದು ಯೂನಿಟ್ಟನ್ನೂ ಸುಮ್ಮನೆ ಉರಿಸಬಾರದು ಎಂದು ನಾನು ಹಟ ತೊಟ್ಟೆ. ಶಿವಮೊಗ್ಗದ ಹೊಸಮನೆಯಲ್ಲಿರುವ ನಮ್ಮ ಮನೆಯ ಕೋಣೆಗಳಿಗೆ ಬೆಳಕು ಕಡಿಮೆ. ಅಡುಗೆಮನೆಯಲ್ಲಂತೂ ನೂರು ವ್ಯಾಟಿನ ಬುರುಡೆ ಬಲ್ಬು ಬೆಳಗಾದರೆ ಉರಿಯತೊಡಗುತ್ತಿತ್ತು. ಒಂದು ಭಾನುವಾರ ಪೇಟೆಯಿಂದ ಎಲ್‌ಇಡಿ ಬಲ್ಬುಗಳನ್ನು ತಂದು, ಗಂಡನಿಗೆ ಕುರ್ಚಿ ಹಿಡಿದುಕೊಳ್ಳಲು ಹೇಳಿ, ಎಲ್ಲ ಕೋಣೆಗಳಲ್ಲೂ ನಾನೇ ಹಾಕಿದೆ. ಅತ್ತೆ ಬೆಳ್ಳಗಿನ ಆ ಬೆಳಕನ್ನು ನೋಡಿ ಕಣ್ಣು ಕಿರಿದು ಮಾಡಿದರು.

ಗಣಪತಿ ಹಬ್ಬಕ್ಕೆ ಅವರು ಚಕ್ಕುಲಿ ಕರಿಯಲು ಕೂತರು. ನಮ್ಮ ಬೀದಿಯಲ್ಲಿ ಅವರ ಚಕ್ಕುಲಿಗೆ ಹೆಸರಿದೆ. ಆದರೆ ಆ ದಿನ ಎಣ್ಣೆಯಲ್ಲಿ ಇನ್ನೂ ಬಿಳುಚಿಕೊಂಡಂತೆ ಕಂಡದ್ದು, ಹಜಾರದ ಕಿಟಕಿಯ ಬೆಳಕಿಗೆ ತಂದು ನೋಡಿದರೆ ಕಂದಿಹೋಗಿತ್ತು. ಮೊದಲ ಒಬ್ಬೆ ಪೂರ್ತಿ ಕರಕಲು. ಅತ್ತೆ ತಟ್ಟೆಯನ್ನು ನನ್ನ ಮುಂದಿಟ್ಟರು.

"ಇದು ಆಸ್ಪತ್ರೆ ಬೆಳಕು ಮಾರಾಯ್ತಿ. ಇದ್ರಲ್ಲಿ ನಂಗೆ ಬಣ್ಣಾನೇ ಗೊತ್ತಾಗಲ್ಲ" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಅತ್ತೆ ಪಕ್ಕದ ಮನೆಯವರಿಂದ ಅಡುಗೆಮನೆಗೆ ಹಳೆಯ ಬಲ್ಬನ್ನೇ ಹಾಕಿಸಿಕೊಂಡಿದ್ದರು. ಅದೊಂದನ್ನು ಬಿಟ್ಟುಬಿಡು ಎಂದು ಗಂಡ ಸಲಹೆ ಕೊಟ್ಟರು. ನನಗೆ ಮನಸ್ಸು ಬರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊತ್ತು ಉರಿಯುವುದೇ ಅದು. ಹಾಗಂತ ಅತ್ತೆಯ ಕೈರುಚಿ ಕೆಡಿಸಿ ಕರೆಂಟು ಉಳಿಸುವುದೂ ಬೇಕಿರಲಿಲ್ಲ.

ನನ್ನ ಕೆಲಸ ಶಂಕರಘಟ್ಟದಲ್ಲಿ. ಭದ್ರಾವತಿಯ ಮೇಲೆಯೇ ಬಸ್ಸು. ಒಂದು ಸಂಜೆ ದಾರಿಯಲ್ಲಿ ಇಳಿದು ಓಲ್ಡ್ ಟೌನಿನಲ್ಲಿರುವ ಅಕ್ಕನ ಮನೆಗೆ ಹೋದೆ. ಅವಳ ಅಡುಗೆಮನೆಯಲ್ಲಿ ಹಳದಿ ಬೆಳಕು ಕಂಡಿತು. ನೀನೂ ಇನ್ನೂ ಬುರುಡೆ ಬಲ್ಬೇ ಉರಿಸ್ತೀಯಾ ಎಂದು ರೇಗಿದೆ. ಅಕ್ಕ ನಕ್ಕು, ಅದರ ಹತ್ತಿರ ಕೈ ಹಿಡಿದು ನೋಡು ಎಂದಳು. ಝಳವೇ ಇರಲಿಲ್ಲ. ಅದೂ ಎಲ್‌ಇಡಿಯೇ. ಹಳದಿ ಬೆಳಕಿನದೂ ಸಿಗುತ್ತದೆ, ಕೇಳಿ ತರಬೇಕು ಅಷ್ಟೇ ಎಂದಳು. ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬೀದಿ ತುದಿಯ ಅಂಗಡಿಗೆ ಹೋಗಿ ಒಂದು ತಂದೆ.

ಕದ್ದು ಹಾಕಲಿಲ್ಲ. ಬಲ್ಬನ್ನು ಅತ್ತೆಯ ಕೈಗೇ ಕೊಟ್ಟು, "ನೀವೇ ಪರೀಕ್ಷೆ ಮಾಡಿ ಅತ್ತೆ. ಬಣ್ಣ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ನಾನು ಇನ್ನು ಈ ಮಾತೇ ಎತ್ತಲ್ಲ" ಎಂದೆ.

ಅವರು ಸವಾಲನ್ನು ಸವಾಲಾಗಿಯೇ ತೆಗೆದುಕೊಂಡರು. ಮಾರನೆಯ ಬೆಳಿಗ್ಗೆ ಮತ್ತೆ ಹಿಟ್ಟು ಕಲಸಿದರು. ಎಣ್ಣೆಯಿಂದ ತೆಗೆದ ಚಕ್ಕುಲಿಯನ್ನು ಹಿತ್ತಲ ಬಾಗಿಲಿಗೆ ಒಯ್ದು ಬಿಸಿಲಲ್ಲಿ ತಿರುಗಿಸಿ ನೋಡುವುದು, ಒಳಗೆ ಬಂದು ಬಲ್ಬಿನ ಕೆಳಗೆ ಹಿಡಿಯುವುದು, ಮತ್ತೆ ಇನ್ನೊಂದನ್ನು ಒತ್ತುವುದು. ನಾನು ಬಸ್ಸು ತಪ್ಪಿಸಿಕೊಂಡು ಅಲ್ಲೇ ನಿಂತಿದ್ದೆ. ಕೊನೆಗೆ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, "ಇದು ಆಗತ್ತೆ. ದೇವರ ಮನೆಗೂ ಇಂಥದ್ದೇ ತಗೊಂಡು ಬಾ" ಎಂದರು.

ಅಲ್ಲಿಂದ ತೆಗೆದ ಬೆಳ್ಳಗಿನವು ಬಚ್ಚಲಿಗೂ ಅಂಗಳಕ್ಕೂ ಹೋದವು. ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಯೂನಿಟ್ಟುಗಳು ಮಿತಿಯೊಳಗೆ ಬಂದವು. ಈಗ ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿದರೆ ಮೊದಲು ಗದರುವವರು ಅತ್ತೆಯೇ. ಗೀಸರೇ ಮನೆಯ ದೊಡ್ಡ ಹೊಟ್ಟೆಬಾಕ ಎಂಬುದು ನಮ್ಮಿಬ್ಬರಿಗೂ ಖಾತ್ರಿಯಾಗಿದೆ. ಬರುವ ಭಾನುವಾರ ಬಿಸಿನೀರಿನ ಸೋಲಾರ್ ವಿಚಾರಿಸಲು ನನ್ನ ಜೊತೆ ಅವರೂ ಬರುತ್ತಾರಂತೆ.