ಬಾರ್ಬ್ರು ಅಳಿಸಿದ ಕೀಲಿ

ಸುಂಡ್ಸ್‌ವಾಲ್ ಬಂದರಿನ ಹಿಂದಿನ ಇಟ್ಟಿಗೆ ಕಟ್ಟಡದ ಮೂರನೆಯ ಮಹಡಿಯಲ್ಲಿ ಬಾರ್ಬ್ರು ನೆಸ್ಲುಂಡ್ ಹತ್ತೊಂಬತ್ತು ವರ್ಷಗಳಿಂದ ಜನರಿಗೆ ಡಿಸ್ಕು ಕೊಡುವ ಕೆಲಸದಲ್ಲಿದ್ದಳು. ಈ ಡಿಸ್ಕು ಕೈಗೆ ಸಿಗುವ ವಸ್ತುವಲ್ಲ. ಕಂಪನಿಯ ದೊಡ್ಡ ಯಂತ್ರಗಳೊಳಗೆ ನೂರಾರು ವರ್ಚುವಲ್ ಸರ್ವರ್‌ಗಳು ಓಡುತ್ತವೆ, ಒಂದೊಂದೂ ತಾನೇ ಒಂದು ಇಡೀ ಯಂತ್ರ ಎಂದು ತಿಳಿದಿರುತ್ತದೆ. ಬೇರೆಲ್ಲೋ ಇರುವ ಉಗ್ರಾಣದಿಂದ ಇಷ್ಟು ಜಾಗ ಕತ್ತರಿಸಿ ಜೋಡಿಸಿಕೊಟ್ಟರೆ ಸಾಕು, ಅದು ತನ್ನ ಹೊಟ್ಟೆಯೊಳಗಿನದೇ ಎಂದು ನಂಬಿ ಬರೆಯತೊಡಗುತ್ತದೆ. ಉಗ್ರಾಣಕ್ಕೆ ಕಾಣುವುದು ನಂಬರು ಹಾಕಿದ ಖಾನೆಗಳು ಮಾತ್ರ. ಖಾನೆಯಲ್ಲಿ ಮದುವೆಯ ಫೋಟೋ ಇದೆಯೋ, ಪೌರಸಭೆಯ ಕಾಗದ ಇದೆಯೋ ಅದಕ್ಕೆ ಗೊತ್ತಿಲ್ಲ. ಕೆಲಸದವರಿಗೂ ಗೊತ್ತಾಗಬಾರದೆಂದು ಪ್ರತಿ ಡಿಸ್ಕಿಗೂ ಒಂದು ಗುಪ್ತ ಕೀಲಿ ಇರುತ್ತದೆ. ಕೀಲಿ ಅಂದರೂ ಅದು ಬರೀ ಒಂದು ಉದ್ದನೆಯ ಸಂಖ್ಯೆ. ಅದಿಲ್ಲದೆ ಓದಿದರೆ ಖಾನೆಗಳ ತುಂಬ ಕಸ.

ಬಾರ್ಬ್ರುಗೆ ಅರವತ್ತೊಂದು. ಹುಡುಗಿಯಾಗಿದ್ದಾಗ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು, ದನಿ ಇನ್ನೂ ಹಾಗೇ ಬೆಚ್ಚಗಿತ್ತು. ಗಿರಾಕಿಗಳು ಅವಳನ್ನೇ ಕೇಳಿ ಫೋನ್ ಮಾಡುತ್ತಿದ್ದರು. ಕೆಲಸದಲ್ಲಿ ಅಚ್ಚುಕಟ್ಟು, ಮಾತಿನಲ್ಲಿ ಮೃದು. ಒಂದೇ ಒಂದು ಊನ, ಕಹಿ ಸುದ್ದಿಯನ್ನು ಮುಖಕ್ಕೆ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಗಂಡ ಬಿಟ್ಟುಹೋದದ್ದನ್ನು ಒಡಹುಟ್ಟಿದ ಅಕ್ಕನಿಗೆ ಹೇಳಲು ಹನ್ನೊಂದು ತಿಂಗಳು ತೆಗೆದುಕೊಂಡಿದ್ದಳು. ಅಲ್ಲಿಯವರೆಗೆ ಆತನಿಗೆ ನಾರ್ವೆಯಲ್ಲಿ ಕೆಲಸ ಸಿಕ್ಕಿದೆ ಎನ್ನುತ್ತಿದ್ದಳು. ಇದನ್ನು ಒಳ್ಳೆಯತನ ಎನ್ನುವವರಿದ್ದಾರೆ. ನಾನು ಹೇಡಿತನ ಎನ್ನುತ್ತೇನೆ, ಬೇಜಾರಾದರೆ ಆಗಲಿ.

ಅವಳ ಗಿರಾಕಿಗಳಲ್ಲಿ ಹಳಬ ಎವರ್ಟ್ ಶೊಡಿನ್. ನದಿಯ ಮೇಲಿನ ಕಣಿವೆಯಲ್ಲಿ ಒಬ್ಬನೇ ಇರುವ ಎಪ್ಪತ್ತೆಂಟರ ಮೇಷ್ಟ್ರು. ಕಾಡಿನಲ್ಲಿ ಕಡಿದ ಮರದ ದಿಮ್ಮಿಗಳನ್ನು ನದಿಯಲ್ಲಿ ತೇಲಿಬಿಟ್ಟು ಕಾರ್ಖಾನೆಗೆ ಸಾಗಿಸುತ್ತಿದ್ದ ಕಾಲವೊಂದಿತ್ತಲ್ಲ, ಆ ಕೆಲಸ ಮಾಡಿದವರ ಮಾತನ್ನು ಮೂವತ್ತೊಂದು ವರ್ಷ ಮನೆಮನೆ ತಿರುಗಿ ಟೇಪ್ ಮಾಡಿಕೊಂಡಿದ್ದ. ನಾನೂರ ಹನ್ನೆರಡು ಜನ. ಅವರ ಬೈಗುಳ, ಹಾಡು, ಹೆಣ ಎತ್ತಿದ ಕತೆ, ಬಿರುಸು ನೀರಿನ ಒಂದೊಂದು ಸುಳಿಗೂ ಅವರಿಟ್ಟಿದ್ದ ಹೆಸರು. ಕೊನೆಯವನು ಹೋದ ಚಳಿಗಾಲದಲ್ಲಿ ತೀರಿಕೊಂಡ. ಅಷ್ಟೂ ದನಿಗಳು ಈಗ ಬಾರ್ಬ್ರು ಕೊಟ್ಟ ಒಂದು ಡಿಸ್ಕಿನಲ್ಲಿದ್ದವು.

ಈ ಕಸುಬಿನವರಿಗೊಂದು ಚಟವಿದೆ. ಯಂತ್ರ ನಿಲ್ಲದೆ ಎಷ್ಟು ದಿನ ಓಡಿತು ಎಂದು ಕೊಚ್ಚಿಕೊಳ್ಳುವುದು. ಎವರ್ಟ್‌ನ ಸರ್ವರ್ ಸಾವಿರದ ನೂರ ಅರವತ್ತಮೂರು ದಿನಗಳಿಂದ ಒಮ್ಮೆಯೂ ನಿಂತಿರಲಿಲ್ಲ. ಆ ಹೆಮ್ಮೆಯೇ ಮುಳುವಾಯಿತು. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವಾಗ ಒಂದು ಸಲ ಮಾತ್ರ ಕೀಲಿ ಬೇಕು. ಆಮೇಲೆ ಯಂತ್ರ ಅದನ್ನು ನೆನಪಿನಲ್ಲಿಟ್ಟುಕೊಂಡು ಓಡುತ್ತಿರುತ್ತದೆ, ಮತ್ತೆ ಕೇಳುವುದಿಲ್ಲ. ಕಾಪಿಡಲು ದಿನಾ ರಾತ್ರಿ ತೆಗೆಯುವ ನಕಲುಗಳಿಗೂ ಕೀಲಿ ಬೇಕಿತ್ತು, ಆದರೆ ಅವು ಕೇಳಿದ್ದು ದಾಖಲಾಗುತ್ತಿದ್ದದ್ದು ಬೇರೆ ಪಟ್ಟಿಯಲ್ಲಿ. ವಸಂತದ ಸ್ವಚ್ಛತೆಯಲ್ಲಿ ಬಾರ್ಬ್ರು ಒಂಬೈನೂರು ಕೀಲಿಗಳ ಪಟ್ಟಿ ಹಿಡಿದು ಕೂತಾಗ ಈ ಕೀಲಿಯ ಮುಂದೆ 'ಮೂರು ವರ್ಷಗಳಿಂದ ಯಾರೂ ಕೇಳಿಲ್ಲ' ಎಂದಿತ್ತು. ಸತ್ತ ಕೀಲಿ ಎಂದುಕೊಂಡು ಗುರುತು ಹಾಕಿದಳು. ಆಕ್ಷೇಪಣೆಗೆ ಮೂವತ್ತು ದಿನ ಕಾಲಾವಕಾಶ. ಎಚ್ಚರಿಕೆಯ ಪತ್ರ ಹೋದದ್ದು ಎವರ್ಟ್ ಎಂದೋ ಬಿಟ್ಟುಬಿಟ್ಟ ಹಳೆಯ ವಿಳಾಸಕ್ಕೆ. ಭಾನುವಾರ ಕೀಲಿ ಅಳಿಸಿಹೋಯಿತು.

ಸೋಮವಾರ ಬೆಳಿಗ್ಗೆ ಒಂಬತ್ತು ದಾಟಿತ್ತು. ಹಿಂದಿನ ರಾತ್ರಿಯ ನಕಲು ಆಗಿಲ್ಲ, ಕೀಲಿ ಇಲ್ಲ ಎಂಬ ಒಂದು ಸಾಲು ಪರದೆಯ ಮೇಲೆ ಬಂತು. ಬಾರ್ಬ್ರು ಅದನ್ನು ಎರಡು ಸಲ ಓದಿದಳು. ಅಳಿಸಿದ ಕೀಲಿ ಯಾರಪ್ಪ ಬಂದರೂ ವಾಪಸು ಬರುವುದಿಲ್ಲ, ಅದನ್ನು ಹಾಗೆಂದೇ ಮಾಡಿರುವುದು. ಹಳೆಯ ನಕಲುಗಳಿಗೂ ಅದೇ ಕೀಲಿ. ಆದರೆ ಸರ್ವರ್ ಇನ್ನೂ ಓಡುತ್ತಿತ್ತು. ಅದು ನಿಲ್ಲದಿರುವವರೆಗೆ ದನಿಗಳೆಲ್ಲ ಕೈಗೆ ಸಿಗುತ್ತವೆ, ನಿಂತರೆ ಅದರ ನೆನಪಿನಲ್ಲಿರುವ ಕೀಲಿಯೂ ಹೋಗುತ್ತದೆ. ಎವರ್ಟ್ ತನ್ನ ಗುಪ್ತಪದ ಹಾಕಿ ಒಳಗೆ ಹೋಗಿ, ಎಲ್ಲವನ್ನೂ ಹೊಸ ಡಿಸ್ಕಿಗೆ ಸುರಿದುಕೊಂಡರೆ ಬಚಾವು. ಒಳಗೆ ಹೋಗಲು ಅವನೊಬ್ಬನಿಗೇ ಅಧಿಕಾರವಿದ್ದದ್ದು. ಒಂಬತ್ತೂ ಇಪ್ಪತ್ತಕ್ಕೆ ಫೋನ್ ಮಾಡಿದಳು.

"ಓ, ಉಗ್ರಾಣದ ಯಜಮಾನಿ!" ಎಂದ ಎವರ್ಟ್. ತುಟಿಯಡಿ ಹೊಗೆಸೊಪ್ಪಿನ ಪೊಟ್ಟಣ ಇಟ್ಟುಕೊಂಡವನ ಮಾತು ಸ್ವಲ್ಪ ಮೆದು. "ಏನು, ಸಾವಿರದ ಇನ್ನೂರು ದಿನ ಆದಾಗ ಕೇಕ್ ಕಳಿಸ್ತೀಯಾ, ಅಥವಾ ಈ ಸಲಾನೂ ಬಾಯಿಮಾತಿನ ಕೇಕೇನಾ?"

"ಎವರ್ಟ್, ನಿನ್ನ ಸರ್ವರ್ ಓಡ್ತಾ ಇದೆಯಲ್ಲ?"

"ಓಡದೆ ಏನು? ಈಗಷ್ಟೇ ಅದರಲ್ಲಿ ದಿಮ್ಮಿ ಸಾಗಿಸ್ತಿದ್ದ ಹಲ್ವರ್‌ನ ಮಾತು ಕೇಳಿಸಿಕೊಂಡೆ. ದಿಮ್ಮಿ ಮೇಲೆ ಕುಣಿದು ತೋರಿಸೋಕೆ ಹೋಗಿ ಪಾದ್ರಿ ಮುಂದೇನೇ ನೀರಿಗೆ ಬಿದ್ದ ಕತೆ. ಅವನು ನಗೋದು ಕೇಳಿದ್ರೆ ನನ್ನ ಮಂಡಿನೋವೂ ಮರೆತುಹೋಗುತ್ತೆ. ಯಾಕೆ, ಏನಾಯ್ತು?"

'ನಿನ್ನ ಕೀಲಿ ಅಳಿಸಿಬಿಟ್ಟೆ.' ಇಷ್ಟೇ ಮಾತು ಸಾಕಿತ್ತು. ಅವಳು ಬಾಯಿ ತೆರೆದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಮೇಲಧಿಕಾರಿ ಶೆಲ್‌ನ ಬೋಳುತಲೆ ಕಾಣಿಸಿತು.

"ಬಾರ್ಬ್ರು, ಕಾಫಿ ಆರ್ತಾ ಇದೆ. ನಮ್ಮ ಮಾಲಿನ್ ತನ್ನ ಹುಟ್ಟುಹಬ್ಬದ ಕೇಕ್ ತಂದಿದ್ದಾಳೆ. ನೀನು ಬರೋವರೆಗೂ ಚಾಕು ಮುಟ್ಟಬಾರದಂತೆ. ನಮ್ಮ ಹೊಟ್ಟೆ ಶಾಪ ಹಾಕ್ತಿದೆ ನಿನಗೆ."

ಅವಳು ಕೈ ಎತ್ತಿ ಬಂದೆ ಎಂದು ಸನ್ನೆ ಮಾಡಿದಳು. ಶೆಲ್ ಹೋಗಲಿಲ್ಲ, ಬಾಗಿಲಿಗೆ ಒರಗಿ ನಿಂತ. ಅವನ ಕಿವಿಗೆ ಬೀಳುವಂತೆ ಆ ಮಾತು ಹೇಳುವುದೇ? ಮಾತು ಬದಲಿಸಿದಳು.

"ಏನಿಲ್ಲ ಎವರ್ಟ್, ನಿನ್ನ ಡಿಸ್ಕಲ್ಲಿ ಒಂದು ಸಣ್ಣ ತೊಡಕು. ಹತ್ತು ಗಂಟೆ ಮೇಲೆ ಫೋನ್ ಮಾಡಿ ವಿವರವಾಗಿ ಹೇಳ್ತೀನಿ. ಗಾಬರಿಯಾಗೋದೇನಿಲ್ಲ."

"ಎಲ್ಲಾ ನಿನ್ನ ಹತ್ರ ಇರೋವಾಗ ನನಗೇನು ಗಾಬರಿ? ಕಾಫಿ ಕುಡ್ಕೊಂಡು ಬಾ."

ಒಂಬತ್ತೂವರೆಯ ಕಾಫಿಗೆ ಹೋಗದಿದ್ದರೆ ಯಾಕೆ ಎಂದು ಕೇಳುತ್ತಾರೆ. ಕೇಳಿದರೆ ಹೇಳಬೇಕಾಗುತ್ತದೆ. ಅದಕ್ಕೆ ಅವಳು ಹೋದಳು. ಹಸಿರು ಕೇಕಿನ ಒಂದು ತುಂಡನ್ನು ಮುಂದಿಟ್ಟುಕೊಂಡು ಕೂತಳು. ಶೆಲ್ ತನ್ನ ದೋಣಿಯ ಎಂಜಿನ್ ಕೆಟ್ಟ ಕತೆಯನ್ನು ಐದನೆಯ ಸಲ ಹೇಳಿದ, ಎಲ್ಲರೂ ನಕ್ಕರು, ಅವಳೂ ನಕ್ಕಳು. ಎವರ್ಟ್‌ಗೆ ಯಾವ ಮಾತು ಮೊದಲು, ಯಾವುದು ಆಮೇಲೆ ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಕೇಕನ್ನು ತಿಂದು ಮುಗಿಸಿದಳು ಕೂಡ.

ಹತ್ತೂ ಐದಕ್ಕೆ ಬಂದು ನೋಡಿದರೆ ಪರದೆಯ ಮೇಲೆ ಮೂರು ಹೊಸ ಸಾಲುಗಳಿದ್ದವು. ಒಂಬತ್ತೂ ನಲವತ್ತೊಂದು, ಗಿರಾಕಿ ಸರ್ವರನ್ನು ನಿಲ್ಲಿಸಿದ್ದಾರೆ. ಒಂಬತ್ತೂ ನಲವತ್ತಮೂರು, ಗಿರಾಕಿ ಸರ್ವರನ್ನು ಶುರು ಮಾಡಿದ್ದಾರೆ. ಡಿಸ್ಕು ಜೋಡಿಸಲಾಗಲಿಲ್ಲ, ಕೀಲಿ ಇಲ್ಲ.

ಅವಳು ನಂಬರು ಒತ್ತುವ ಮೊದಲೇ ಫೋನ್ ಬಡಿದುಕೊಂಡಿತು.

"ಬಾರ್ಬ್ರು, ಇದು ಏಳ್ತಾನೇ ಇಲ್ವಲ್ಲೇ," ಎಂದ ಎವರ್ಟ್. "ನೀನು ತೊಡಕು ಅಂದ್ಯಲ್ಲ, ನಿನ್ನ ಕೆಲಸ ಹಗುರ ಮಾಡೋಣ ಅಂತ ನಿಲ್ಲಿಸಿ ಮತ್ತೆ ಶುರು ಮಾಡ್ದೆ. ಏನೇ ತೊಂದರೆಯಾದ್ರೂ ಮೊದಲು ಅದನ್ನೇ ಮಾಡಿ ನೋಡು ಅಂತ ನೀನೇ ಬರೆದುಕೊಟ್ಟಿದ್ದು. ಫ್ರಿಜ್ ಮೇಲೆ ಅಂಟಿಸಿದ್ದೀನಿ."

ಈಗ ಮೃದುವಾಗಿ ಹೇಳಲು ಏನೂ ಉಳಿದಿರಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಕೀಲಿ, ಪಟ್ಟಿ, ಭಾನುವಾರ, ತಾನೇ ಅಳಿಸಿದ್ದು. ಬೆಳಿಗ್ಗೆ ಫೋನ್ ಮಾಡಿದಾಗ ಎಲ್ಲ ಉಳಿಸಿಕೊಳ್ಳಲು ಸಾಧ್ಯವಿತ್ತು ಎಂಬುದನ್ನೂ ಹೇಳಿದಳು.

"ದಿನಾ ನಕಲು ತೆಗೀತೀವಿ ಅಂತಿದ್ಯಲ್ಲ?" ಎಂದ ಎವರ್ಟ್.

"ಮೂವತ್ತಿವೆ. ಎಲ್ಲಕ್ಕೂ ಅದೇ ಕೀಲಿ."

"ಟೇಪುಗಳಿಗೆ ಬೂಷ್ಟು ಹಿಡಿದಿತ್ತು. ನಾನೇ ಕಾರಲ್ಲಿ ತುಂಬಿಕೊಂಡು ಹೋಗಿ ಕಸಕ್ಕೆ ಹಾಕಿ ಬಂದೆ. ಮನೇಲೂ ಒಂದು ಪ್ರತಿ ಇಟ್ಕೊಳ್ಲಾ ಅಂತ ಆಗ ನಿನ್ನ ಕೇಳಿದ್ದೆ."

"ಬೇಡ ಅಂದಿದ್ದೆ."

"ಅಪ್ಪನದೂ ಹೋಯ್ತಾ? ನಾನು ಮೊದಲು ಟೇಪ್ ಮಾಡಿದ್ದೇ ಅಪ್ಪನ್ನ."

"ಅಪ್ಪನದೂ ಹೋಯ್ತು, ಎವರ್ಟ್."

"ಆ ಡಿಸ್ಕು ಅಲ್ಲೇ ಇದೆಯಲ್ಲ? ಒಂದು ಅಕ್ಷರಾನೂ ಕಮ್ಮಿ ಆಗಿಲ್ವಲ್ಲ? ಹಾಗೇ ಇಟ್ಟಿರು. ನಾನಿಲ್ಲದಿದ್ರೂ ಪರವಾಗಿಲ್ಲ, ಐವತ್ತು ವರ್ಷ ಆದ್ಮೇಲೆ ಯಾರಾದ್ರೂ ಬುದ್ಧಿವಂತರು ಬಂದು ತೆಗೀತಾರೆ. ಹೂಂ ಅನ್ನು."

ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು! ಮುದುಕ ಆ ಒಂದು ಮಾತು ಹಿಡಿದುಕೊಂಡು ಉಳಿದ ದಿನ ತಳ್ಳುತ್ತಿದ್ದನೋ ಏನೋ. ಆದರೆ ಬಾರ್ಬ್ರುಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ಇಲ್ಲ ಎವರ್ಟ್. ಯಾರಿಂದಲೂ ಆಗಲ್ಲ. ಯಾವತ್ತೂ ಆಗಲ್ಲ."

ಎವರ್ಟ್ ಕಿರುಚಲಿಲ್ಲ, ಬೈಯಲಿಲ್ಲ. ಮಗ್ಗಿ ತಪ್ಪಿದ ಹುಡುಗಿಯನ್ನು ತಿದ್ದುವ ಮೇಷ್ಟ್ರ ದನಿಯಲ್ಲೇ ಹೇಳಿದ.

"ಹಾಗಾದ್ರೆ ಇದ್ದದ್ದನ್ನ ಇದ್ದ ಹಾಗೆ ಹೇಳೋಕೆ ನಿನಗೂ ಬರುತ್ತೆ. ಒಂಬತ್ತೂ ಇಪ್ಪತ್ತಕ್ಕೆ ಹೇಳಿದ್ರೆ ಸಾಕಿತ್ತಲ್ಲೇ."

ಅವನು ಫೋನ್ ಇಟ್ಟುಬಿಟ್ಟ.