ಹಾನಗಲ್ಲಿನ ಸಾಫ್ಟ್‌ಬಾಲ್ ಹುಡುಗಿಯರು

ಹೆಗಲು ಕೈಕೊಟ್ಟ ಮೇಲೆ ನಾನು ಹಾನಗಲ್ಲಿಗೆ ಬಂದೆ. ಅದಕ್ಕೂ ಮುಂಚೆ ಭಾರತ ತಂಡದಲ್ಲಿ ಸಾಫ್ಟ್‌ಬಾಲ್ ಆಡುತ್ತಿದ್ದೆ. ನಾನು ಪಿಚರ್, ಅಂದರೆ ಬ್ಯಾಟ್ ಹಿಡಿದು ನಿಂತವಳಿಗೆ ಸೊಂಟದ ಕೆಳಗಿನಿಂದ ಕೈ ಬೀಸಿ ಚೆಂಡು ಎಸೆಯುವವಳು. ನಮ್ಮೂರು ತಡಸದಲ್ಲಿ ಮಾತ್ರ ಇವತ್ತಿಗೂ ಅನೇಕರು ನನ್ನದು ಕಬಡ್ಡಿ ಎಂದೇ ತಿಳಿದಿದ್ದಾರೆ. ಇನ್ನು ಎಸೆಯುವುದು ಬೇಡ ಎಂದು ಡಾಕ್ಟರು ಹೇಳಿದಾಗ ಹಾನಗಲ್ಲಿನ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣದ ಕೆಲಸ ಖಾಲಿ ಇತ್ತು. ಸ್ವಲ್ಪ ದಿನ ಇದ್ದು ಬಿಟ್ಟರಾಯಿತು ಅಂದುಕೊಂಡೇ ಸೇರಿದೆ.

ಮೈದಾನದ ಅರ್ಧದಲ್ಲಿ ಯಾರದೋ ಗೋವಿನಜೋಳ ಒಣಗುತ್ತಿತ್ತು. ಉಳಿದರ್ಧದಲ್ಲಿ ಹುಡುಗಿಯರನ್ನು ನಿಲ್ಲಿಸಿ ಆಟದ ಹೆಸರು ಹೇಳಿದೆ.

"ಹೆಸರ ಸಾಫ್ಟ್ ಅಂದಮ್ಯಾಲೆ ಬಾಲ್ ಮೆತ್ತಗ ಇರತೈತಿ ತೊಗೊರಿ ಮೇಡಂ," ಅಂದಳು ಆಡೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಎತ್ತರದ ಹುಡುಗಿ. ಚೆಂಡನ್ನು ಅವಳ ಕೈಗೆ ಹಾಕಿದೆ.

"ಅಯ್ಯ ನಮ್ಮವ್ವಾ, ಇದು ಕಲ್ಲ ಐತಲ್ರಿ!"

ಎಲ್ಲರೂ ನಕ್ಕರು. ನಕ್ಕವರಲ್ಲಿ ಬಹಳ ಮಂದಿ ಮರುದಿನ ಬರಲಿಲ್ಲ. ಅವಳು ಬಂದಳು. ಅವಳನ್ನೇ ಪಿಚರ್ ಮಾಡಿದೆ.

ಆದರೆ ಅವಳ ಎಸೆತ ಹಿಡಿಯಲು ಯಾರೂ ಮುಂದಾಗಲಿಲ್ಲ. ಕೊನೆಗೆ ಒಪ್ಪಿದವಳು ಸವಣೂರಿನ ದರ್ಜಿಯೊಬ್ಬರ ಮಗಳು. ಹಾನಗಲ್ಲಿನ ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ತಲೆವಸ್ತ್ರ ಬಿಗಿದು, ಅದರ ಮೇಲೆ ಕ್ಯಾಚರ್‌ನ ಮುಖ ಕಾಯುವ ತಂತಿ ಜಾಲರಿ ಹಾಕಿಕೊಂಡು ಬ್ಯಾಟಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತರೆ ಬಾಯಿ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ.

ಸುದ್ದಿ ಸವಣೂರಿಗೆ ಮುಟ್ಟಿತು. ಅವಳ ತಾಯಿ ಬಂದರು.

"ಮಾರಿಗೆ ಬಡದು ಹಲ್ಲ ಮುರದ್ರ ನಾಳೆ ಇಕಿನ್ನ ಯಾರ ನಿಕಾ ಆಗ್ತಾರ್ರಿ ಬಾಯಾರ?"

ಜಾಲರಿಯನ್ನು ಅವರ ಕೈಗೇ ಕೊಟ್ಟೆ. "ನೀವ ಹಾಕ್ಕೊಂಡ ನೋಡ್ರಿ."

ಆಚೆ ಈಚೆ ನೋಡಿ ಹಾಕಿಕೊಂಡರು. ಚೆಂಡಿನಿಂದ ಮೆಲ್ಲಗೆ ಬಡಿದೆ. "ಇನ್ನಷ್ಟ ಜೋರ ಹೊಡೀರಿ," ಅಂದರು. ಹೊಡೆದೆ. ಮಗಳು ನಾಚಿಕೆಯಿಂದ ಗೋಡೆಯ ಕಡೆ ತಿರುಗಿ ನಿಂತಿದ್ದಳು. ತಾಯಿ ಜಾಲರಿ ತೆಗೆದವರೇ ನಕ್ಕುಬಿಟ್ಟರು.

"ಮೆಣಸಿನಕಾಯಿ ಕರಿಯಾಗ ನನಗೂ ಇಂಥಾದ್ದೊಂದು ಬೇಕಾಗಿತ್ತು ನೋಡ್ರಿ. ಆಡ್ಲಿ. ಸಂಜಿ ಮಗ್ರಿಬ್ ನಮಾಜಿಗಿಂತ ಮೊದ್ಲ ನಮ್ಮಕ್ಕನ ಮನಿ ಮುಟ್ಟಬೇಕು, ಅಷ್ಟ."

ಆ ಸಂಜೆಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಆಟ ಮುಗಿಸಿ ಕಂಪೌಂಡ್ ಗೋಡೆಯ ಮೇಲೆ ಸಾಲಾಗಿ ಕೂತು ಚುರಮುರಿಗೆ ಸವಣೂರ ಖಾರ ಕಲಸಿ ತಿನ್ನುತ್ತಿದ್ದೆವು. ಆಡೂರಿನ ಬಸ್ಸು ಕಂಡರೆ ಪಿಚರ್ ಬಾಯಿ ತುಂಬಿಕೊಂಡೇ ಓಡುತ್ತಿದ್ದಳು. ಅಷ್ಟು ಜೋರಾಗಿ ಅವಳು ಆಟದಲ್ಲಿ ಎಂದೂ ಓಡಿದವಳಲ್ಲ.

ಮರುವರ್ಷ ಧಾರವಾಡದ ಅಂತರ ಕಾಲೇಜು ಪಂದ್ಯಗಳಲ್ಲಿ ನಮ್ಮವರು ಫೈನಲ್ ತಲುಪಿದರು. ಕೊನೆಯ ಸರದಿ, ಒಂದು ರನ್ ಮುಂದಿದ್ದೆವು. ಇನ್ನೊಬ್ಬಳನ್ನು ಔಟ್ ಮಾಡಿದರೆ ಕಪ್ ನಮ್ಮದು. ಆಗ ಆಡೂರಿನವಳ ಎಸೆತಗಳೆಲ್ಲ ದಾರಿ ತಪ್ಪಿ, ಎದುರಾಳಿಯ ಇಬ್ಬರು ಪುಕ್ಕಟೆಯಾಗಿ ಬೇಸ್ ಸೇರಿ ಓಡಲು ಸಿದ್ಧರಾಗಿ ನಿಂತರು. ಗೆರೆಯ ಹೊರಗೆ ನಿಂತಿದ್ದ ನನ್ನ ನೋಯುವ ಹೆಗಲು ತಾನಾಗಿ ಬೀಸಲು ಹೊರಟಿತ್ತು. ಅಂಪೈರನಿಗೆ ಹೇಳಿ ಆಟ ನಿಲ್ಲಿಸಿ ಒಳಗೆ ಕಾಲಿಟ್ಟೆ. ಅಷ್ಟರಲ್ಲೇ ಕ್ಯಾಚರ್ ಎದ್ದು ಹೋಗಿ ಅವಳ ಕಿವಿಯಲ್ಲಿ ಏನೋ ಹೇಳಿದಳು. ಅಳುವಂತಿದ್ದವಳು ನಕ್ಕಳು. ನಾನು ಅಲ್ಲೇ ನಿಂತೆ.

ಮುಂದಿನ ಎಸೆತ ಚೆನ್ನಾಗಿಯೇ ಇತ್ತು. ಎದುರಾಳಿಯ ಹೊಡೆತ ಅದಕ್ಕಿಂತ ಚೆನ್ನಾಗಿತ್ತು. ಬೇಸಿನಲ್ಲಿದ್ದ ಇಬ್ಬರೂ ಓಡಿ ಬಂದು ರನ್ ಗಳಿಸಿದರು, ಸೋತೆವು.

ಬಸ್ಸಿನಲ್ಲಿ ಕ್ಯಾಚರ್ ಹುಡುಗಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೇಳಿದೆ, "ಏನ್ ಹೇಳಿದಿ ಅಕಿಗೆ?"

"ಏನಿಲ್ರಿ ಮೇಡಂ. ಮೇಡಂ ಕಡೆ ನೋಡಬ್ಯಾಡ, ಅವರು ನಿನಗಿಂತ ಜಾಸ್ತಿ ಹೆದರ್ಯಾರ ಅಂದ್ನಿ."

ನಗು ಬಂತು. ಅಷ್ಟು ದೇಶ ಸುತ್ತಿ ಆಡಿದರೂ ಹೆದರಿದ ಗಳಿಗೆಯಲ್ಲಿ ನನ್ನ ಹತ್ತಿರ ಯಾರೂ ಹಾಗೆ ಬಂದಿರಲಿಲ್ಲ. ಕೆಲಸ ಬಿಡುವ ಯೋಚನೆ ನನ್ನನ್ನು ಬಿಟ್ಟುಹೋದದ್ದು ಆ ಬಸ್ಸಿನಲ್ಲೇ ಇರಬೇಕು.

ಆಡೂರಿನವಳು ಪೊಲೀಸ್ ಇಲಾಖೆ ಸೇರಿದಳು. ಕ್ಯಾಚರ್ ಈಗ ಹಿರೇಕೆರೂರಿನ ಕಾಲೇಜೊಂದರಲ್ಲಿ ನಾನು ಮಾಡುವ ಕೆಲಸವನ್ನೇ ಮಾಡುತ್ತಾಳೆ. ಕಳೆದ ಚಳಿಗಾಲದಲ್ಲಿ ಅದೇ ತಾಲೂಕಿನ ಚಿಕ್ಕೇರೂರಿನ ಸುತ್ತಲಿನ ಹುಡುಗಿಯರ ತಂಡ ಕಟ್ಟಿಕೊಂಡು ನಮ್ಮ ಮೈದಾನಕ್ಕೆ ಬಂದಳು. ತಾಯಿಯೂ ಜೊತೆಗಿದ್ದರು. ಕುರ್ಚಿ ಕೊಟ್ಟರೂ ಕೂರದೆ ಅಂಪೈರನ ಮೇಲೆ ಕೂಗಾಡುತ್ತಿದ್ದರು.

ಅವಳ ಹುಡುಗಿಯೊಬ್ಬಳು ಹಾರಿ ನೆಲಕ್ಕೆ ಬಿದ್ದು ಹಿಡಿದ ಕ್ಯಾಚಿಗೆ ನಾನು ಜೋರಾಗಿ ಚಪ್ಪಾಳೆ ಹೊಡೆದೆ. ಆ ಕ್ಯಾಚಿನಿಂದಲೇ ನಾವು ಸೋತದ್ದು.

"ನೀವು ಯಾರ ಕಡೇರಿ ಬಾಯಾರ?" ಎಂದರು ತಾಯಿ.

ನಮ್ಮ ಹುಡುಗಿಯರು ಮುಖ ಗಂಟು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು. ನೀರಿನ ಕ್ಯಾನ್ ಎತ್ತಿಕೊಂಡು ಆ ಹುಡುಗಿಯರ ಕಡೆಗೇ ಹೋದೆ.